ಅರ್ಧ ಸಾಮರ್ಥ್ಯ, ಮುಕ್ಕಾಲು ಕಲ್ಲಿದ್ದಲು

ಭಾರತ ತಾನೇ ಹಾಕಿಕೊಂಡಿದ್ದ ಗುರಿಯೊಂದನ್ನು 2025ರ ಜೂನ್‌ನಲ್ಲಿ, ಐದು ವರ್ಷ ಮೊದಲೇ ಮುಟ್ಟಿತು. ದೇಶದ ಒಟ್ಟು ವಿದ್ಯುತ್ ಉತ್ಪಾದನಾ ಸಾಮರ್ಥ್ಯ ಆಗ ಸುಮಾರು 485 ಗಿಗಾವ್ಯಾಟ್. ಅದರಲ್ಲಿ ಅರ್ಧದಷ್ಟು ಬಿಸಿಲು, ಗಾಳಿ, ನೀರು, ಅಣುಶಕ್ತಿಯಂಥ ಮೂಲಗಳದ್ದು. 2030ರೊಳಗೆ ಇಷ್ಟು ಸಾಧಿಸುತ್ತೇವೆಂದು 2022ರಲ್ಲಿ ವಿಶ್ವಸಂಸ್ಥೆಗೆ ಮಾತು ಕೊಟ್ಟಿದ್ದೆವು. ಇತ್ತ 2024-25ರ ಸಾಲಿನಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ ಮೊದಲ ಬಾರಿಗೆ 100 ಕೋಟಿ ಟನ್ ದಾಟಿತು. ಆ ಸಾಲಿನಲ್ಲಿ ದೇಶದಲ್ಲಿ ತಯಾರಾದ ಪ್ರತಿ ನಾಲ್ಕು ಯೂನಿಟ್ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಮೂರು ಯೂನಿಟ್ ಕಲ್ಲಿದ್ದಲಿನಿಂದಲೇ ಬಂತು.

ಎರಡೂ ನಿಜ. ಇವೆರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂಬುದು ಗೊತ್ತಾದರೆ ಕಲ್ಲಿದ್ದಲಿನಿಂದ ಹೊರಬರುವುದು ಏಕೆ ಕಷ್ಟ, ಅಡ್ಡಿ ಎಲ್ಲೆಲ್ಲಿದೆ, ನಾಗರಿಕರಾಗಿ ನಾವು ಏನನ್ನು ಕೇಳಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಸಾಮರ್ಥ್ಯ ಬೇರೆ, ಯೂನಿಟ್ ಬೇರೆ

ಸಾಮರ್ಥ್ಯವೆಂದರೆ ಒಂದು ಸ್ಥಾವರ ಪೂರ್ಣ ಬಲದಲ್ಲಿ ಓಡಿದಾಗ ಎಷ್ಟು ಕೊಡಬಲ್ಲದು ಎಂಬ ಲೆಕ್ಕ. ನಿಜಕ್ಕೂ ಎಷ್ಟು ಕೊಟ್ಟಿತು ಎಂಬುದು ಯೂನಿಟ್‌ಗಳಲ್ಲಿ ತಿಳಿಯುತ್ತದೆ. ರಾತ್ರಿ, ಮುಂಜಾನೆ, ಮೋಡ ಎಲ್ಲ ಕಳೆದರೆ ಸೌರ ಸ್ಥಾವರದ ವರ್ಷದ ಸರಾಸರಿ ಉತ್ಪಾದನೆ ಅದರ ಸಾಮರ್ಥ್ಯದ ಕಾಲು ಭಾಗವನ್ನೂ ಮುಟ್ಟುವುದು ಕಷ್ಟ. ನೂರಕ್ಕೆ 22ರ ಲೆಕ್ಕ ಹಿಡಿದರೆ 100 ಮೆಗಾವ್ಯಾಟ್ ಸೌರ ಸ್ಥಾವರ ದಿನಕ್ಕೆ ಸರಾಸರಿ 5.3 ಲಕ್ಷ ಯೂನಿಟ್ ಕೊಡುತ್ತದೆ. ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರ ನೂರಕ್ಕೆ 70ರಷ್ಟು ಓಡಿದರೂ 16.8 ಲಕ್ಷ ಯೂನಿಟ್ ಕೊಡುತ್ತದೆ. ಸಾಮರ್ಥ್ಯ ಅರ್ಧರ್ಧವಾದರೂ ಯೂನಿಟ್‌ಗಳಲ್ಲಿ ಕಲ್ಲಿದ್ದಲೇ ಮುಂದಿರಲು ಇದು ಮೊದಲ ಕಾರಣ.

ಬೆಲೆಯ ವಿಷಯದಲ್ಲಿ ಬಿಸಿಲು ಎಂದೋ ಗೆದ್ದಿದೆ. ರಾಷ್ಟ್ರೀಯ ಸೌರ ಮಿಷನ್ ಶುರುವಾದ 2010ರಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಸೌರ ವಿದ್ಯುತ್ತಿಗೆ ನಿಗದಿ ಮಾಡಿದ್ದ ದರ ಯೂನಿಟ್‌ಗೆ 17.91 ರೂಪಾಯಿ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದ ಹರಾಜಿನಲ್ಲಿ ಅದು 2.44 ರೂಪಾಯಿಗೆ ಇಳಿಯಿತು. ಹಾಗಾಗಿ ಇಂದಿನ ತೊಡಕು ಹಗಲಿನದಲ್ಲ, ಸಂಜೆಯದು.

ಹದಿನೈದು ನಿಮಿಷಕ್ಕೊಂದು ಲೆಕ್ಕ

ಗ್ರಿಡ್ಡಿನಲ್ಲಿ ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣವೂ ಸಮವಾಗಿರಬೇಕು. ಬಳಕೆ ಹೆಚ್ಚಾದರೆ ಆವರ್ತನ 50 ಹರ್ಟ್ಜ್‌ಗಿಂತ ಕೆಳಗಿಳಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಮೇಲೇರುತ್ತದೆ. ಇದನ್ನು ಕಾಯುವ ಕೆಲಸ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ್ದು. ದಿನವನ್ನು ಹದಿನೈದು ನಿಮಿಷದ 96 ಭಾಗಗಳನ್ನಾಗಿ ಮಾಡಿ, ಯಾವ ಹೊತ್ತಿಗೆ ಯಾವ ಸ್ಥಾವರ ಎಷ್ಟು ಕೊಡಬೇಕೆಂದು ಹಿಂದಿನ ದಿನವೇ ವೇಳಾಪಟ್ಟಿ ಸಿದ್ಧಪಡಿಸುತ್ತಾರೆ. ಬಿಸಿಲು ಮತ್ತು ಗಾಳಿಯ ವಿದ್ಯುತ್ತನ್ನು ಮೊದಲು ತೆಗೆದುಕೊಳ್ಳಬೇಕೆಂಬುದು ನಿಯಮ. ಮಿಕ್ಕದ್ದನ್ನು ಇಂಧನ ವೆಚ್ಚ ಕಡಿಮೆಯಿರುವ ಸ್ಥಾವರದಿಂದ ಶುರುಮಾಡಿ ಒಂದೊಂದಾಗಿ ಸೇರಿಸುತ್ತಾ ಹೋಗುತ್ತಾರೆ.

ಫೆಬ್ರವರಿ-ಮಾರ್ಚ್‌ನ ಒಂದು ದಿನವನ್ನು ಗಮನಿಸೋಣ. ಮಧ್ಯಾಹ್ನ ಪಾವಗಡದ ಸೌರ ಫಲಕಗಳು ಪೂರ್ಣ ಬಲದಲ್ಲಿರುತ್ತವೆ. ರಾಯಚೂರು, ಬಳ್ಳಾರಿ ಕಡೆಯ ಶಾಖೋತ್ಪನ್ನ ಘಟಕಗಳು ಉತ್ಪಾದನೆ ತಗ್ಗಿಸಿಕೊಂಡಿರುತ್ತವೆ. ಸಂಜೆ ಆರರ ಹೊತ್ತಿಗೆ ಬಿಸಿಲು ಇಳಿಯುತ್ತದೆ, ಅದೇ ಹೊತ್ತಿಗೆ ಮನೆಗಳಲ್ಲಿ ದೀಪ, ಫ್ಯಾನು, ಅಂಗಡಿಗಳಲ್ಲಿ ಎಸಿ ಎಲ್ಲ ಒಟ್ಟಿಗೆ ಹತ್ತುತ್ತವೆ. ಜಲವಿದ್ಯುತ್ ಟರ್ಬೈನು ಕೆಲವೇ ನಿಮಿಷಗಳಲ್ಲಿ ಓಡುತ್ತದೆ, ಆದರೆ ಬೇಸಿಗೆಯಲ್ಲಿ ಲಿಂಗನಮಕ್ಕಿ ಜಲಾಶಯದ ನೀರನ್ನು ಅಳೆದು ಬಳಸಬೇಕು. ಕಲ್ಲಿದ್ದಲು ಬಾಯ್ಲರನ್ನು ತಣ್ಣಗಾಗಲು ಬಿಟ್ಟರೆ ಮತ್ತೆ ಕಾಯಿಸಲು ಹಲವು ಗಂಟೆ ಬೇಕು. ಅದಕ್ಕೇ ಸಂಜೆ ಬೇಕಾಗುವ ಘಟಕವನ್ನು ಮಧ್ಯಾಹ್ನವೂ ಆರಿಸುವಂತಿಲ್ಲ, ಸಾಮರ್ಥ್ಯದ ಅರ್ಧಕ್ಕಿಂತ ತುಸು ಮೇಲೆ ಉರಿಸುತ್ತಲೇ ಇರಬೇಕು.

2025ರ ಮಾರ್ಚ್‌ನಲ್ಲಿ ಕರ್ನಾಟಕದ ಗರಿಷ್ಠ ಬೇಡಿಕೆ 18,000 ಮೆಗಾವ್ಯಾಟ್ ದಾಟಿತು. ಅದಕ್ಕೂ ಮೊದಲು, 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬದೆ ಹೋದಾಗ, ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಇಲ್ಲಿನ ಖಾಸಗಿ ಉತ್ಪಾದಕರು ವಿದ್ಯುತ್ತನ್ನು ರಾಜ್ಯದೊಳಗೇ ಕೊಡಬೇಕೆಂದು ಆದೇಶಿಸಬೇಕಾಯಿತು. ನವೀಕರಿಸಬಹುದಾದ ಇಂಧನದಲ್ಲಿ ದೇಶದ ಮುಂಚೂಣಿಯಲ್ಲಿರುವ ರಾಜ್ಯಕ್ಕೇ ಈ ಗತಿ ಬಂತೆಂದರೆ, ಆಳುವವರು ಯಾವ ಪಕ್ಷದವರಾದರೂ ಕಲ್ಲಿದ್ದಲನ್ನು ಕೈಬಿಡಲು ಏಕೆ ಹೆದರುತ್ತಾರೆಂಬುದು ಅರ್ಥವಾಗುತ್ತದೆ.

ಕಟ್ಟಿಹಾಕಿದ ಕರಾರು

ಎರಡನೆಯ ಅಡ್ಡಿ ಕಾಗದದಲ್ಲಿದೆ. ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿಗಳು (ಎಸ್ಕಾಂಗಳು) ಉತ್ಪಾದಕರೊಂದಿಗೆ ಖರೀದಿ ಒಪ್ಪಂದ ಮಾಡಿಕೊಳ್ಳುತ್ತವೆ, ಸಾಮಾನ್ಯವಾಗಿ 25 ವರ್ಷಕ್ಕೆ. ಶಾಖೋತ್ಪನ್ನ ಸ್ಥಾವರದ ದರಕ್ಕೆ ಎರಡು ಭಾಗ. ಒಂದು, ಸ್ಥಾವರ ಕಟ್ಟಿದ ಸಾಲ, ಬಡ್ಡಿ, ಸಿಬ್ಬಂದಿ ವೆಚ್ಚ ಸೇರಿದ ಸ್ಥಿರ ಶುಲ್ಕ. ಇನ್ನೊಂದು, ಸುಟ್ಟ ಕಲ್ಲಿದ್ದಲಿನ ವೆಚ್ಚ. ಸ್ಥಾವರ ಸಿದ್ಧವಾಗಿದ್ದರೆ ಸಾಕು, ಒಂದು ಯೂನಿಟ್ ಕೊಳ್ಳದಿದ್ದರೂ ಸ್ಥಿರ ಶುಲ್ಕ ಕಟ್ಟಲೇಬೇಕು.

ಹೀಗಾಗಿ ಅಗ್ಗದ ಸೌರ ವಿದ್ಯುತ್ ಬಂದಾಗ ಎಸ್ಕಾಂಗೆ ಉಳಿಯುವುದು ಕಲ್ಲಿದ್ದಲಿನ ವೆಚ್ಚ ಮಾತ್ರ. ಹಳೆಯ ಸ್ಥಾವರದ ಸ್ಥಿರ ಶುಲ್ಕವೂ ಹೊಸ ಸ್ಥಾವರದ ದರವೂ ಒಟ್ಟಾಗಿ ಗ್ರಾಹಕನ ಬಿಲ್ಲಿಗೆ ಸೇರುತ್ತವೆ. ಇಂದು ಒಂದು ಹೊಸ ಕಲ್ಲಿದ್ದಲು ಸ್ಥಾವರಕ್ಕೆ ಸಹಿ ಹಾಕುವುದೆಂದರೆ ಇಂದು ಹುಟ್ಟುವ ಮಗು ಕೆಲಸಕ್ಕೆ ಸೇರುವ ತನಕದ ಹಣಕ್ಕೆ ಸಹಿ ಹಾಕಿದಂತೆ. ಇಂಥ ಸಹಿಗಳು ದೊಡ್ಡ ಭಾಷಣಗಳಿಗಿಂತ ಹೆಚ್ಚು ದೂರದವರೆಗೆ ದೇಶದ ನೀತಿಯನ್ನು ತೀರ್ಮಾನಿಸುತ್ತವೆ.

ಕಲ್ಲಿದ್ದಲಿನ ಹಣ ಯಾರ ಮನೆ ನಡೆಸುತ್ತದೆ

ಮೂರನೆಯ ಅಡ್ಡಿ ನೇರವಾಗಿ ರಾಜಕೀಯದ್ದು. ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ಆರ್‌ಟಿಪಿಎಸ್‌ನ ಸಾಮರ್ಥ್ಯ 1,720 ಮೆಗಾವ್ಯಾಟ್. ಒಂದು ಯೂನಿಟ್‌ಗೆ ಸರಿಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ಎಲ್ಲ ಘಟಕಗಳೂ ಪೂರ್ಣ ಓಡಿದರೆ ದಿನಕ್ಕೆ 28,000 ಟನ್‌ಗೂ ಹೆಚ್ಚು, ಅಂದರೆ ಏಳೆಂಟು ರೇಕ್ (ಪೂರ್ಣ ಗೂಡ್ಸ್ ರೈಲು). ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ತೆಲಂಗಾಣದ ಸಿಂಗರೇಣಿಯಿಂದಲೋ ಒಡಿಶಾದ ಗಣಿಗಳಿಂದಲೋ ಅದು ರೈಲಿನಲ್ಲೇ ಬರಬೇಕು.

ಆ ಒಂದು ರೇಕ್ ಹೊರಟ ಜಾಗದಿಂದ ಲೆಕ್ಕ ಹಾಕಿ. ಗಣಿ ಇರುವ ರಾಜ್ಯಕ್ಕೆ ಕಲ್ಲಿದ್ದಲಿನ ಬೆಲೆಯ ಮೇಲೆ ನೂರಕ್ಕೆ 14ರಷ್ಟು ರಾಜಧನ ಸಿಗುತ್ತದೆ. ಜಾರ್ಖಂಡ್, ಒಡಿಶಾ, ಛತ್ತೀಸಗಢದ ಬಜೆಟ್‌ಗಳಿಗೆ ಇದು ದೊಡ್ಡ ಆಧಾರ. ರೈಲ್ವೆಯ ಸರಕು ಸಾಗಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಕಲ್ಲಿದ್ದಲೇ. ಆ ಆದಾಯದ ಬಲದಲ್ಲೇ ರೈಲ್ವೆ ಪ್ರಯಾಣಿಕರ ಟಿಕೆಟ್ ದರವನ್ನು ಕೆಳಗಿಟ್ಟಿದೆ. ಕೋಲ್ ಇಂಡಿಯಾದಲ್ಲೇ ಎರಡು ಲಕ್ಷಕ್ಕೂ ಹೆಚ್ಚು ನೌಕರರಿದ್ದಾರೆ. ಗುತ್ತಿಗೆ ಕಾರ್ಮಿಕರು, ಲಾರಿಯವರು, ಗಣಿಯೂರಿನ ಹೋಟೆಲಿನವರು ಈ ಲೆಕ್ಕದಲ್ಲಿ ಸೇರಿಲ್ಲ. ಧನ್‌ಬಾದ್, ಕೊರ್ಬಾದಂಥ ಗಣಿಯೂರುಗಳಿಗೆ ಬೇರೊಂದು ದುಡಿಮೆಯನ್ನು ಮೊದಲು ಕಟ್ಟಿಕೊಡದೆ ಗಣಿ ಮುಚ್ಚಿ ಎನ್ನುವುದು ನ್ಯಾಯವಲ್ಲ, ನಡೆಯುವ ಮಾತೂ ಅಲ್ಲ.

ಅದಕ್ಕೆ ಬಳಸಬಹುದಾಗಿದ್ದ ಹಣ ಕೂಡಿಡುವ ಒಂದು ದಾರಿ ನಮ್ಮಲ್ಲಿತ್ತು. 2010ರಲ್ಲಿ ಕೇಂದ್ರ ಸರ್ಕಾರ ಟನ್ ಕಲ್ಲಿದ್ದಲಿಗೆ 50 ರೂಪಾಯಿ ಶುದ್ಧ ಇಂಧನ ಸೆಸ್ ಹಾಕಿತು. 2016ರ ವೇಳೆಗೆ ಅದು 400 ರೂಪಾಯಿಗೆ ಏರಿತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಅಷ್ಟೇ ಮೊತ್ತ ರಾಜ್ಯಗಳ ತೆರಿಗೆ ನಷ್ಟ ತುಂಬಿಕೊಡುವ ಪರಿಹಾರ ಸೆಸ್ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಸೆಸ್ಸನ್ನೇ ತೆಗೆದು, ಕಲ್ಲಿದ್ದಲಿನ ಜಿಎಸ್‌ಟಿಯನ್ನು ನೂರಕ್ಕೆ 5ರಿಂದ 18ಕ್ಕೆ ಏರಿಸಿದರು. ಕಡಿಮೆ ಬೆಲೆಯ ದೇಶಿ ಕಲ್ಲಿದ್ದಲಿನ ಮೇಲೆ ಇದರಿಂದ ಒಟ್ಟು ಹೊರೆ ಇಳಿಯಿತು. ಗಣಿ ಕಾರ್ಮಿಕರ ಮರುತರಬೇತಿಗೆ, ಗಣಿಯೂರುಗಳ ಹೊಸ ಬದುಕಿಗೆ ಸಲ್ಲಬಹುದಾಗಿದ್ದ ಹಣ ಹೀಗೆ ಸಾಮಾನ್ಯ ಖಜಾನೆಯಲ್ಲಿ ಕರಗಿತು. ನಮ್ಮ ಇಂಧನ ನೀತಿಯ ಅತಿ ದೊಡ್ಡ ಕೊರತೆ ಇದೇ ಎಂದು ನನಗನ್ನಿಸುತ್ತದೆ.

ದೆಹಲಿಯ ಮಾತು, ರಾಜ್ಯದ ಬಿಲ್ಲು

ಸಂವಿಧಾನದಲ್ಲಿ ವಿದ್ಯುತ್ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡಕ್ಕೂ ಅದರ ಮೇಲೆ ಅಧಿಕಾರವಿದೆ. 2070ರೊಳಗೆ ನಿವ್ವಳ ಶೂನ್ಯ ಹೊರಸೂಸುವಿಕೆ, 2030ರೊಳಗೆ 500 ಗಿಗಾವ್ಯಾಟ್ ಶುದ್ಧ ಸಾಮರ್ಥ್ಯ ಎಂದು 2021ರಲ್ಲಿ ಗ್ಲಾಸ್ಗೋದಲ್ಲಿ ಘೋಷಿಸಿದ್ದು ಕೇಂದ್ರ. 2029-30ರ ಹೊತ್ತಿಗೆ ಬಳಕೆಯ ನೂರಕ್ಕೆ 43.33ರಷ್ಟು ನವೀಕರಿಸಬಹುದಾದ ಮೂಲದ್ದಾಗಿರಬೇಕೆಂದು ಗೊತ್ತುಮಾಡಿದ್ದೂ ಕೇಂದ್ರವೇ. ಆದರೆ ಆ ವಿದ್ಯುತ್ತನ್ನು ಕೊಳ್ಳಬೇಕಾದದ್ದು ರಾಜ್ಯಗಳ ಎಸ್ಕಾಂಗಳು, ದರ ನಿಗದಿ ಮಾಡುವುದು ರಾಜ್ಯದ ನಿಯಂತ್ರಣ ಆಯೋಗ, ಮತ ಕೇಳುವಾಗ ಉಚಿತ ವಿದ್ಯುತ್ತಿನ ಭರವಸೆ ಕೊಡುವುದು ರಾಜ್ಯದ ಪಕ್ಷಗಳು.

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಕರೆಂಟು ಉಚಿತ. 2023ರಿಂದ ಗೃಹಜ್ಯೋತಿಯಲ್ಲಿ ಮನೆಗಳಿಗೆ 200 ಯೂನಿಟ್‌ವರೆಗೆ ಉಚಿತ. ಬಡವರ ಮನೆಯ ದೀಪಕ್ಕೆ ಸರ್ಕಾರ ಹಣ ಕೊಡುವುದರಲ್ಲಿ ತಪ್ಪಿಲ್ಲ. ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಆ ಸಹಾಯಧನವನ್ನು ಎಸ್ಕಾಂಗೆ ಮುಂಗಡವಾಗಿಯೇ ಕಟ್ಟಬೇಕು. ಅದು ತಡವಾದಾಗ ಎಸ್ಕಾಂ ಸಾಲಕ್ಕೆ ಬೀಳುತ್ತದೆ. ಸಾಲದಲ್ಲಿರುವ ಎಸ್ಕಾಂ ಉತ್ಪಾದಕರಿಗೆ ಹೊತ್ತಿಗೆ ಹಣ ಕೊಡಲಾರದು, ಹೊಸ ಲೈನು ಎಳೆಯಲಾರದು.

ಸಂಜೆಯನ್ನು ದಾಟುವ ದಾರಿಗಳು

ಎಲ್ಲಕ್ಕಿಂತ ಅಗ್ಗದ ದಾರಿ ಬಳಕೆಯನ್ನೇ ಹಗಲಿಗೆ ತರುವುದು. ರಾಜ್ಯದ ವಿದ್ಯುತ್ ಬಳಕೆಯಲ್ಲಿ ಸುಮಾರು ಮೂರನೇ ಒಂದು ಭಾಗ ಕೃಷಿ ಪಂಪ್‌ಸೆಟ್‌ಗಳದ್ದು. ಪಿಎಂ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್‌ಗಳ ಹತ್ತಿರವೇ ಸೌರ ಸ್ಥಾವರ ಕಟ್ಟಿ ಕೃಷಿ ಫೀಡರ್‌ಗಳಿಗೆ ಹಗಲು ತ್ರೀ ಫೇಸ್ ಕೊಡುತ್ತಾರೆ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು, ಹಾವಿನ ಭಯದಲ್ಲಿ ಮೋಟಾರ್ ಹಾಕಲು ಹೋಗುವ ರೈತನ ಪಾಡು ಇದರಿಂದ ತಪ್ಪುತ್ತದೆ. ಶುದ್ಧ ಇಂಧನ ಹಳ್ಳಿಯವರಿಗೆ ನೇರವಾಗಿ ಉಪಕಾರವಾಗುವ ಜಾಗವಿದು.

ಎರಡನೆಯದು ಸಂಗ್ರಹಣೆ. ಬ್ಯಾಟರಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಪಂಪ್ಡ್ ಸ್ಟೋರೇಜ್‌ನಲ್ಲಿ ಹಗಲು ಅಗ್ಗದ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ, ಸಂಜೆ ಅದನ್ನೇ ಟರ್ಬೈನಿಗೆ ಬಿಡುತ್ತಾರೆ. ಹಾಕಿದ ನಾಲ್ಕು ಯೂನಿಟ್‌ನಲ್ಲಿ ಸುಮಾರು ಮೂರು ವಾಪಸ್ ಬರುತ್ತದೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಇಂಥ ಯೋಜನೆಯನ್ನು ಸರ್ಕಾರ ಹಮ್ಮಿಕೊಂಡಿದೆ. ಆದರೆ ಆ ಜಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿದೆ. ಸಂಗ್ರಹಣೆ ಬೇಕೆಂಬುದು ನಿಜ. ಅದು ಆ ಕಾಡಿನಲ್ಲೇ ಬೇಕೆ, ಬಯಲುಸೀಮೆಯ ಸಬ್‌ಸ್ಟೇಷನ್‌ಗಳ ಪಕ್ಕ ಬ್ಯಾಟರಿ ಇಟ್ಟರೆ ಆಗದೆ ಎಂಬ ಪ್ರಶ್ನೆಗೆ ಲೆಕ್ಕಸಮೇತ ಉತ್ತರ ಸಿಗಬೇಕು. ಲಿಂಗನಮಕ್ಕಿಯಲ್ಲಿ ಊರು ಮುಳುಗಿಸಿಕೊಂಡ ಎಷ್ಟೋ ಕುಟುಂಬಗಳು ಅರವತ್ತು ವರ್ಷ ಕಳೆದರೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಅದೇ ಕಣಿವೆಯಿಂದ ಮತ್ತೆ ತ್ಯಾಗ ಕೇಳುವ ಮುನ್ನ ಹಳೆಯ ಬಾಕಿ ತೀರಬೇಕು.

ಪಾವಗಡದ ಪಾಠವೂ ಇಲ್ಲಿ ಮುಖ್ಯ. ಅಲ್ಲಿನ 2,050 ಮೆಗಾವ್ಯಾಟ್‌ನ ಸೌರ ಪಾರ್ಕಿಗೆ ಸುಮಾರು 13,000 ಎಕರೆಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಷ್ಟು ಏರುತ್ತದೆ, ಒಡೆತನ ರೈತರದೇ. ಬರದ ತಾಲ್ಲೂಕಿಗೆ ಇದು ದೊಡ್ಡ ಆಸರೆ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಆ ಬಯಲಲ್ಲಿ ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವರಿಗೆ ಬಾಡಿಗೆ ಇಲ್ಲ. ಧನ್‌ಬಾದಿನ ಗುತ್ತಿಗೆ ಕಾರ್ಮಿಕನೂ ಪಾವಗಡದ ಕೂಲಿಯಾಳೂ ಈ ಬದಲಾವಣೆಯಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ನಾವು ಮಾತಾಡಬಹುದಾದ ಜಾಗ

ದರ ಪರಿಷ್ಕರಣೆಗೆ ಮುನ್ನ ಎಸ್ಕಾಂಗಳು ತಮ್ಮ ಅರ್ಜಿಯನ್ನು ಪ್ರಕಟಿಸಬೇಕು, ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಗಣಿಸಿಯೇ ಆದೇಶ ಹೊರಡಿಸಬೇಕು. ಇದು ಕಾಯ್ದೆ ಕೊಟ್ಟ ಹಕ್ಕು. ಯಾವ ಗ್ರಾಹಕನಾದರೂ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಬಹುದು, ವಿಚಾರಣೆಯಲ್ಲಿ ಎದ್ದುನಿಂತು ಮಾತಾಡಬಹುದು. ಕೈಗಾರಿಕಾ ಸಂಘಗಳು ಅಲ್ಲಿಗೆ ಪೂರ್ಣ ತಯಾರಿಯಲ್ಲಿ ಬರುತ್ತವೆ. ಗ್ರಾಮ ಪಂಚಾಯಿತಿಗಳು, ರೈತ ಸಂಘಗಳು, ನಗರದ ನಿವಾಸಿಗಳ ಸಂಘಗಳೂ ಅದೇ ತಯಾರಿಯಲ್ಲಿ ಬರಬೇಕು.

ಯೂನಿಟ್‌ಗೆ ಎಷ್ಟು ಪೈಸೆ ಏರಿತು ಎಂಬಲ್ಲಿಗೆ ಪ್ರಶ್ನೆ ನಿಲ್ಲದಿರಲಿ. ಬಳಸದ ವಿದ್ಯುತ್ತಿಗೆ ಕಳೆದ ವರ್ಷ ಎಷ್ಟು ಸ್ಥಿರ ಶುಲ್ಕ ಕಟ್ಟಿದಿರಿ? ಹೊಸದಾಗಿ ಕಲ್ಲಿದ್ದಲಿನ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಬ್ಯಾಟರಿಯ ದರದೊಂದಿಗೆ ಹೋಲಿಸಿದಿರಾ? ನಮ್ಮ ಫೀಡರಿಗೆ ಹಗಲು ವಿದ್ಯುತ್ ಯಾವ ವರ್ಷ ಬರುತ್ತದೆ? ಸರ್ಕಾರದಿಂದ ಬರಬೇಕಾದ ಸಹಾಯಧನದ ಬಾಕಿ ಎಷ್ಟು? ಈ ನಾಲ್ಕು ಪ್ರಶ್ನೆಗಳಿಗೆ ದಾಖಲೆಯಲ್ಲಿ ಉತ್ತರ ಬರೆಸಿಕೊಳ್ಳುವುದರಿಂದಲೇ ದೇಶದ ಇಂಧನ ನೀತಿಯಲ್ಲಿ ನಮ್ಮ ಪಾಲು ಶುರುವಾಗುತ್ತದೆ.