ಮರದ ತೂಕ ಎಲ್ಲಿಂದ ಬಂತು? ಕಾಲೇಜಿನಲ್ಲಿ ಕಲಿಕೆಯ ಮೌಲ್ಯಮಾಪನ

ಆಲ್ದೂರಿನ ಸುತ್ತಲಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹೊತ್ತು ನಿಂತ ಸಿಲ್ವರ್ ಓಕ್ ಮರಗಳನ್ನು ನೀವು ನೋಡಿರಬಹುದು. ಪುಟ್ಟ ಸಸಿಯಾಗಿ ನೆಟ್ಟದ್ದು ಮುಂದೆ ಲಾರಿಯಲ್ಲಿ ಸಾಗಿಸಬೇಕಾದ ದಿಮ್ಮಿಯಾಗುತ್ತದೆ. ಒಣಗಿದ ಆ ದಿಮ್ಮಿಯ ದ್ರವ್ಯರಾಶಿಯ ಬಹುಪಾಲು ಎಲ್ಲಿಂದ ಬಂತು? ಮಣ್ಣಿನಿಂದಲೋ, ಗೊಬ್ಬರದಿಂದಲೋ, ನೀರಿನಿಂದಲೋ, ಗಾಳಿಯಿಂದಲೋ?

ನೀವು ಪದವಿ ತರಗತಿಗೆ ಸಸ್ಯಶಾಸ್ತ್ರ ಬೋಧಿಸುವವರಾದರೆ ಈ ಪ್ರಶ್ನೆ ಕೇಳಿ ನೋಡಿ. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆಯಬಲ್ಲವರೂ 'ಮಣ್ಣು' ಎನ್ನುವುದುಂಟು. ಇದು ದಡ್ಡತನವಲ್ಲ. ಗೊಬ್ಬರ ಹಾಕದಿದ್ದರೆ ಗಿಡ ಸೊರಗುವುದನ್ನು ತೋಟದ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ವಾನ್ ಹೆಲ್ಮಾಂಟ್ 200 ಪೌಂಡ್ ಒಣಮಣ್ಣಿನಲ್ಲಿ ವಿಲ್ಲೋ ಗಿಡವೊಂದನ್ನು 5 ವರ್ಷ ಬೆಳೆಸಿದ ಪ್ರಯೋಗ 1648ರಲ್ಲಿ ಪ್ರಕಟವಾಯಿತು. ಗಿಡದ ತೂಕ 5 ಪೌಂಡಿನಿಂದ ಸುಮಾರು 169 ಪೌಂಡಿಗೆ ಏರಿತ್ತು. ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್ ಮಾತ್ರ. ಮಣ್ಣಲ್ಲ ಎಂದು ಸರಿಯಾಗಿಯೇ ಕಂಡ ಆತ, ಎಲ್ಲವೂ ನೀರಿನಿಂದ ಬಂದದ್ದೆಂದು ತೀರ್ಮಾನಿಸಿದ! ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಅದು ಬಂದದ್ದು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ.

ಈಗ ಸೆಮಿಸ್ಟರ್ ಪರೀಕ್ಷೆಯನ್ನು ನೆನೆಯಿರಿ. 'ದ್ಯುತಿಸಂಶ್ಲೇಷಣೆಯನ್ನು ವಿವರಿಸಿ' ಎಂಬ ಪ್ರಶ್ನೆಗೆ, ಮರ ಮಣ್ಣಿನಿಂದಾಯಿತು ಎಂದು ನಂಬಿದ ವಿದ್ಯಾರ್ಥಿಯೂ ಹತ್ತಕ್ಕೆ ಎಂಟು ಅಂಕ ಗಳಿಸಬಲ್ಲ. ಆ ಪ್ರಶ್ನೆಗೆ ಅವನ ನಂಬಿಕೆ ಕಾಣುವುದೇ ಇಲ್ಲ. ಒಂದು ವೇಳೆ ಕಂಡರೂ, ಅಷ್ಟು ಹೊತ್ತಿಗೆ ಪಾಠ ಮುಗಿದಿರುತ್ತದೆ. ಮೈಕೇಲ್ ಸ್ಕ್ರಿವೆನ್ 1967ರಲ್ಲಿ ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನಗಳನ್ನು ಬೇರ್ಪಡಿಸಿದರು. ಮೊದಲನೆಯದು ಕೆಲಸ ನಡೆಯುತ್ತಿರುವಾಗಲೇ ತಿದ್ದಿಕೊಳ್ಳಲು, ಎರಡನೆಯದು ಮುಗಿದ ಮೇಲೆ ಬೆಲೆ ಕಟ್ಟಲು. ನಮ್ಮಲ್ಲಿ ಆಂತರಿಕ ಅಂಕಗಳ ಹೆಸರಿನಲ್ಲಿ ನಡೆಯುವ ಕಿರುಪರೀಕ್ಷೆಗಳು ಹಲವು ವೇಳೆ ಎರಡನೆಯದರದೇ ಚಿಕ್ಕ ಪ್ರತಿಗಳು.

ಹಾರ್ವರ್ಡಿನ ಭೌತವಿಜ್ಞಾನಿ ಎರಿಕ್ ಮಜೂರ್ 1991ರಿಂದ ಬಳಸಿದ ವಿಧಾನ ಸರಳವಾದುದು. ಪಾಠದ ನಡುವೆ ಆಯ್ಕೆಗಳಿರುವ ಪ್ರಶ್ನೆ ಕೇಳಿ, ಪ್ರತಿಯೊಬ್ಬರೂ ಒಂಟಿಯಾಗಿ ಉತ್ತರಿಸಲಿ. ಸರಿಯುತ್ತರ ಸುಮಾರು ಶೇ. 30ರಿಂದ 70ರಷ್ಟು ಮಂದಿಯದಾದರೆ, ಪಕ್ಕದವರೊಡನೆ ವಾದಿಸಲು ಬಿಟ್ಟು ಮತ್ತೆ ಕೇಳಿ. ಅದಕ್ಕೂ ಕಡಿಮೆಯಾದರೆ ನೀವೇ ಮತ್ತೆ ವಿವರಿಸಬೇಕು. ಯಂತ್ರವೇನೂ ಬೇಡ, ಎದೆಯ ಮುಂದೆ ಬೆರಳು ತೋರಿಸಿದರೆ ಸಾಕು, ಪಕ್ಕದವರದು ಕಾಣದು. ಇದಕ್ಕೆ ಅಂಕ ಮಾತ್ರ ಕೊಡಬೇಡಿ. ಅಂಕವಿದ್ದರೆ ಮಕ್ಕಳು ತಮಗನಿಸಿದ್ದನ್ನು ಬಿಟ್ಟು ನಿಮಗೆ ಬೇಕಾದುದನ್ನು ಹೇಳುತ್ತಾರೆ.

ಕಲಿತದ್ದೆಷ್ಟು ಎಂದು ತಿಳಿಯಲು ಒಂದೇ ಪ್ರಶ್ನಾವಳಿಯನ್ನು ಪಾಠಕ್ಕೆ ಮೊದಲೂ ನಂತರವೂ ಕೊಡಿ. ಸರಾಸರಿ ಶೇ. 40ರಿಂದ 64ಕ್ಕೆ ಏರಿತೆನ್ನಿ. ಗಳಿಸಬಹುದಾಗಿದ್ದುದು 60, ಗಳಿಸಿದ್ದು 24; ಅಂದರೆ ಗಳಿಕೆ 24 ÷ 60 = 0.4. ರಿಚರ್ಡ್ ಹೇಕ್ 1998ರಲ್ಲಿ 62 ಭೌತವಿಜ್ಞಾನ ಕೋರ್ಸುಗಳ 6,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಹೀಗೆ ಅಳೆದರು. ಬರೀ ಉಪನ್ಯಾಸ ಕೇಳಿದ ತರಗತಿಗಳ ಸರಾಸರಿ ಗಳಿಕೆ 0.23, ಚರ್ಚಿಸಿ ಕಲಿತವುಗಳದು 0.48.

ಆದರೆ 'ಗಾಳಿ' ಎಂಬ ಉತ್ತರವನ್ನೂ ಬಾಯಿಪಾಠ ಮಾಡಬಹುದಲ್ಲವೇ? ಅದಕ್ಕೇ ವಾರದ ನಂತರ ಬೇರೆ ರೂಪದಲ್ಲಿ ಕೇಳಬೇಕು. ಕಾಫಿ ಹಣ್ಣಿನ ಸಿಪ್ಪೆಯನ್ನು ಗುಂಡಿಗೆ ಹಾಕಿ ಕೊಳೆಸಿದಾಗ ರಾಶಿ ಕುಗ್ಗುತ್ತದೆ. ನೀರಿನಂಶ ಬಿಟ್ಟು ಲೆಕ್ಕ ಹಾಕಿದರೂ ತೂಕ ಇಳಿದಿರುತ್ತದೆ. ಅದೆಲ್ಲಿಗೆ ಹೋಯಿತು? 'ಮಣ್ಣಿಗೆ ಇಳಿಯಿತು' ಎಂಬ ಉತ್ತರಗಳನ್ನು ಎಣಿಸಿಕೊಳ್ಳಿ. ಮುಂದಿನ ತರಗತಿಯನ್ನು ಎಲ್ಲಿಂದ ಆರಂಭಿಸಬೇಕೆಂಬುದು ಆ ಎಣಿಕೆಯಲ್ಲಿದೆ.