ಇಳಿಜಾರಿನಲ್ಲಿ ಡೀಸೆಲ್ ಎಂಜಿನ್ನಿನ ಗುಡುಗು

ಅಮೆರಿಕದ ಪರ್ವತ ರಸ್ತೆಗಳಲ್ಲಿ ಇಳಿಯುವಾಗ, ಬಸ್ಸಿನಷ್ಟು ದೊಡ್ಡ ಡೀಸೆಲ್ ಮೋಟಾರ್‌ಹೋಮ್ ಗುಡುಗಿದರೆ ಅದು ದೋಷವೇ ಆಗಿರಬೇಕಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕೊಂತ ಅದುಮಿದ ಗಾಳಿ, ಸ್ಪ್ರಿಂಗಿನಂತೆ ಹಿಗ್ಗಿ ಶಕ್ತಿಯನ್ನು ಮರಳಿಸುತ್ತದೆ. ವೇಗ ಅಷ್ಟಾಗಿ ತಗ್ಗದು. ಆದ್ದರಿಂದ 'ಜೇಕ್ ಬ್ರೇಕ್' ಸಂಪೀಡನದ ಕೊನೆಯಲ್ಲಿ ನಿಷ್ಕಾಸ ಕವಾಟವನ್ನು ತೆರೆದು ಆ ಗಾಳಿಯನ್ನು ಹೊರಬಿಡುತ್ತದೆ. ಪ್ರತಿ ಬಾರಿಯೂ ಒಂದು ಸಿಡಿತ.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 1800 ಸುತ್ತು ತಿರುಗುವ, ಆರು ಸಿಲಿಂಡರುಗಳ ಚತುರ್ಘಾತ ಎಂಜಿನ್ನಿನಲ್ಲಿ ಸೆಕೆಂಡಿಗೆ 90 ಸಿಡಿತಗಳು. ಒಂದು ಸಿಲಿಂಡರಿನಲ್ಲಿ ಕವಾಟ ಹೀಗೆ ತೆರೆಯದಿದ್ದರೆ ಸೆಕೆಂಡಿಗೆ 15 ಬಾರಿ ಲಯ ತಪ್ಪುತ್ತದೆ. 15 ಹರ್ಟ್ಸ್ ಕಿವಿಗೆ ಸ್ವರವಾಗಿ ಕೇಳದು, ಗುಡುಗು ತೊದಲಿದಂತೆ ಕೇಳುತ್ತದೆ. ಆಗ ತಡೆಬಲವೂ ತಗ್ಗಿ ಚಕ್ರದ ಬ್ರೇಕುಗಳು ಕಾದು ಕೈಕೊಡಬಹುದು. 'ಭುಸ್' ಎಂಬ ಸದ್ದೇ ಬೇರೆ: ನಿಷ್ಕಾಸ ಕೊಳವೆಯ ಜೋಡಣೆಗಳಲ್ಲಿ ಸೋರಿಕೆಯನ್ನು ಹುಡುಕಿ.