ಗೋಧಿಯಿಲ್ಲದ ಈರುಳ್ಳಿ ಟಾರ್ಟ್

ಗೋಧಿಯ ಕಣಕವನ್ನು ನೀರಿನಲ್ಲಿ ತೊಳೆಯುತ್ತ ಹೋದರೆ ಪಿಷ್ಟವು ಕೊಚ್ಚಿಹೋಗಿ ರಬ್ಬರಿನಂತಹ ಮುದ್ದೆಯೊಂದು ಉಳಿಯುವುದು. ಇದೇ ಗ್ಲುಟೆನ್ ಎಂಬ ಪ್ರೋಟೀನು. ಸೀಲಿಯಾಕ್ ರೋಗವುಳ್ಳವರಿಗೆ ಇದು ಸಲ್ಲದು. ಸಣ್ಣ ಕರುಳಿನ ಒಳಪದರವು ಹಾಳಾಗಿ, ಉಂಡ ಆಹಾರದ ಸಾರ ಮೈಗೆ ಹತ್ತುವುದಿಲ್ಲ. ಗೋಧಿಯಿಂದ ಇದು ಉಲ್ಬಣಿಸುವುದೆಂಬುದನ್ನು ಹಾಲೆಂಡಿನ ಮಕ್ಕಳ ವೈದ್ಯರಾದ ವಿಲೆಮ್ ಡಿಕೆ 1950ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಗ್ಲುಟೆನ್ನನ್ನು ಜೀವನಪರ್ಯಂತ ವರ್ಜಿಸುವುದೇ ಚಿಕಿತ್ಸೆ.

ಅಂತಹವರು ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಈರುಳ್ಳಿ ಟಾರ್ಟಿನ ಆಸೆಯನ್ನು ಬಿಡಬೇಕೆ? ಬೇಕಿಲ್ಲ. ಬ್ರೆಡ್ಡಿನಲ್ಲಿ ಇಂಗಾಲಾಮ್ಲ ವಾಯುವನ್ನು ಹಿಡಿದಿಡಲು ಗ್ಲುಟೆನ್ನಿನ ಬಲೆ ಅಗತ್ಯ. ಟಾರ್ಟಿನ ತಳಕ್ಕಾದರೋ ಬೇಕಾದುದು ಗರಿಗರಿತನ. ಗೋಧಿಹಿಟ್ಟಿಗೂ ಬೆಣ್ಣೆಯನ್ನು ಮೊದಲೇ ತಿಕ್ಕುವುದು ಆ ಬಲೆ ಹೆಚ್ಚು ಬೆಳೆಯದಿರಲೆಂದೇ!

150 ಗ್ರಾಂ ಅಕ್ಕಿಹಿಟ್ಟು, 50 ಗ್ರಾಂ ಮುಸುಕಿನ ಜೋಳದ ಪಿಷ್ಟ, 100 ಗ್ರಾಂ ತಣ್ಣನೆಯ ಬೆಣ್ಣೆ, ಉಪ್ಪು ಇವನ್ನು ತಿಕ್ಕಿ ಒಂದು ಮೊಟ್ಟೆಯಿಂದ ಕಲಸೋಣ. ಲಟ್ಟಿಸಹೋದರೆ ಹರಿಯುವುದು; ಜೋಳದ ರೊಟ್ಟಿ ತಟ್ಟಿದವರಿಗೆ ಇದು ಹೊಸತಲ್ಲ. ತಟ್ಟೆಯಲ್ಲಿಯೇ ಬೆರಳಿನಿಂದ ಒತ್ತಿ ಹರಡಿ, 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15 ನಿಮಿಷ ಬೇಯಿಸಬೇಕು.

ಈರುಳ್ಳಿಯ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ನೀರೇ. ಆದುದರಿಂದ ಹೆಚ್ಚಿದ ಅರ್ಧ ಕಿಲೋ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಅರ್ಧ ಗಂಟೆಯಾದರೂ ಬಾಡಿಸದಿದ್ದರೆ ತಳವು ಹಸಿಯಾಗುವುದು. ಬಳಿಕ ಎರಡು ಮೊಟ್ಟೆ, 200 ಮಿಲಿಲೀಟರ್ ಕೆನೆಯೊಡನೆ ಬೆರೆಸಿ ಸುರಿದು, ಅದೇ ಶಾಖದಲ್ಲಿ ಮೊಟ್ಟೆಯ ಪ್ರೋಟೀನು ಗಟ್ಟಿಯಾಗುವವರೆಗೆ, ಸುಮಾರು 30 ನಿಮಿಷ, ಇಡಬೇಕು.

ರುಚಿಗಿಂತ ದೊಡ್ಡ ಎಚ್ಚರಿಕೆಯೊಂದುಂಟು. ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದ ಅಕ್ಕಿಹಿಟ್ಟು, ಗೋಧಿಹಿಟ್ಟು ಜರಡಿಯಾಡಿದ ಜರಡಿ ಇವು ರೋಗಿಯ ಅಡಿಗೆಗೆ ಕೂಡದು. ಅಕ್ಕಿಯನ್ನು ಮನೆಯಲ್ಲೇ ಪ್ರತ್ಯೇಕವಾಗಿ ಬೀಸಿಕೊಳ್ಳುವುದು ಲೇಸು.